ಸಮಾಜದ ಸಮಸ್ಯೆಗೆ ಪರಿಹಾರ ಹುಡುಕುವ ವಿದ್ಯಾರ್ಥಿಗೆ ನಿಜವಾಗಿ ಯಾವ ಕೌಶಲ ಬೇಕು?

ಪ್ರಶ್ನೆ: ಸಮಾಜಕಾರ್ಯ ಉಪನ್ಯಾಸಕಿ, ಹಾವೇರಿ ಜಿಲ್ಲೆ

ಎಲ್ಲರಿಗೂ ನಮಸ್ಕಾರ. ತಾಲ್ಲೂಕು ಕೇಂದ್ರವೊಂದರ ಪ್ರಥಮ ದರ್ಜೆ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಬರುವ ಸೆಮಿಸ್ಟರ್‌ನಿಂದ ‘ಸಾಮಾಜಿಕ ನಾವೀನ್ಯತೆ’ ಎಂಬ ಕೌಶಲ ಪತ್ರಿಕೆಯನ್ನು ಕಲಿಸುವ ಹೊಣೆ ನನ್ನ ಪಾಲಿಗೆ ಬಂದಿದೆ. ಕರಡು ಪಠ್ಯಕ್ರಮದಲ್ಲಿ ಸೃಜನಶೀಲತೆ, ನಾಯಕತ್ವ, ಸಂವಹನ, ವಿಮರ್ಶಾತ್ಮಕ ಚಿಂತನೆ ಎಂಬ ಮಾತುಗಳಿವೆ. ಅವು ತಪ್ಪೆಂದು ನಾನು ಹೇಳುವುದಿಲ್ಲ. ಆದರೆ ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ತರಗತಿಯ ಮುಂದೆ ನಿಂತಾಗ ಮಕ್ಕಳಿಂದ ಏನು ಮಾಡಿಸಬೇಕು ಎಂಬುದಕ್ಕೆ ಅವುಗಳಲ್ಲಿ ಉತ್ತರವಿಲ್ಲ.

ಕಳೆದ ವರ್ಷ ಹೊರಗಿನ ಸಂಸ್ಥೆಯೊಂದು ನಮ್ಮಲ್ಲಿ ಕಾರ್ಯಾಗಾರ ನಡೆಸಿಕೊಟ್ಟಿತು. ಮಕ್ಕಳು ಬಣ್ಣದ ಚೀಟಿಗಳನ್ನು ಗೋಡೆಗೆ ಅಂಟಿಸಿ, ಗುಂಪುಗಳಲ್ಲಿ ಕುಳಿತು ಚರ್ಚಿಸಿ, ಒಂದೊಂದು ಪರಿಹಾರವನ್ನು ಮಂಡಿಸಿದರು. ಬಹುಮಾನ ಬಂದದ್ದು ಶುದ್ಧ ಕುಡಿಯುವ ನೀರಿನ ಘಟಕದ ಕುರಿತು ಕೆಲಸ ಮಾಡಿದ ಗುಂಪಿಗೆ. ಹತ್ತಿರದ ಹಳ್ಳಿಯೊಂದರಲ್ಲಿ ಐದು ರೂಪಾಯಿ ನಾಣ್ಯ ಹಾಕಿದರೆ ಇಪ್ಪತ್ತು ಲೀಟರ್ ನೀರು ಬರುತ್ತಿದ್ದ ಆರ್‌ಒ ಘಟಕ ಕೆಟ್ಟು ನಿಂತು ಬಹಳ ಕಾಲವಾಗಿದೆ. ಘಟಕ ಕೆಟ್ಟ ಕೂಡಲೇ ಫೋಟೊ ತೆಗೆದು ದೂರು ಕಳಿಸುವ ಮೊಬೈಲ್ ಆ್ಯಪ್‌ನ ನಮೂನೆಯನ್ನು ಈ ಮಕ್ಕಳು ತಯಾರಿಸಿದ್ದರು. ನಮೂನೆ ಚೆನ್ನಾಗಿಯೇ ಇತ್ತು. ಆದರೆ ಘಟಕ ಕೆಟ್ಟಿರುವುದು ಊರಿನವರಿಗೂ ಪಂಚಾಯಿತಿಗೂ ಆ ದಾರಿಯಲ್ಲಿ ದಿನವೂ ಓಡಾಡುವ ಬಸ್ಸಿನ ಕಂಡಕ್ಟರಿಗೂ ಮೊದಲೇ ಗೊತ್ತಿತ್ತು. ಘಟಕಕ್ಕೆ ಇಂದಿಗೂ ಬೀಗ ಬಿದ್ದಿದೆ.

ಕ್ಷೇತ್ರದಲ್ಲಿ ದುಡಿದವರನ್ನು ನಾನು ಕೇಳಬೇಕೆಂದಿರುವುದು ಇಷ್ಟು: ನಮ್ಮ ನಾಡಿನಲ್ಲಿ ಬದಲಾವಣೆ ತಂದ ಪ್ರಯತ್ನಗಳನ್ನು ನೀವು ಒಳಗಿನಿಂದ ನೋಡಿದ್ದೀರಿ. ಅಲ್ಲಿ ಕೆಲಸಕ್ಕೆ ಬಂದ ಕೌಶಲಗಳು ಯಾವುವು? ಅವುಗಳಲ್ಲಿ ಯಾವುದನ್ನು ಒಂದು ಸೆಮಿಸ್ಟರ್‌ನಲ್ಲಿ, ಬಹುತೇಕ ರೈತರ ಮತ್ತು ಕೂಲಿಕಾರರ ಮನೆಗಳಿಂದ ಬರುವ ಮಕ್ಕಳಿಗೆ ಕಲಿಸಬಹುದು?

ಉತ್ತರ: ನಿವೃತ್ತ ಗ್ರಾಮೀಣ ಬ್ಯಾಂಕ್ ವ್ಯವಸ್ಥಾಪಕ, ಧಾರವಾಡ

ಮೇಡಂ, ನಿಮ್ಮ ಕೊನೆಯ ಸಾಲಿನಿಂದಲೇ ಶುರು ಮಾಡುತ್ತೇನೆ. ರೈತರ, ಕೂಲಿಕಾರರ ಮನೆಗಳ ಮಕ್ಕಳಿಗೆ ಈ ವಿಷಯದ ಅರ್ಧ ಪಾಠ ಮನೆಯಲ್ಲೇ ಆಗಿರುತ್ತದೆ. ಹಣ ಯಾವ ತಿಂಗಳು ಬರುತ್ತದೆ, ಯಾವ ತಿಂಗಳು ಬರುವುದಿಲ್ಲ, ಅಂಗಡಿಯ ಉದ್ದರಿ ಎಲ್ಲಿಯವರೆಗೆ ನಡೆಯುತ್ತದೆ, ಯಾರ ಬಳಿ ಕೈಗಡ ಸಿಗುತ್ತದೆ ಎಂಬ ಲೆಕ್ಕ ಅವರಿಗೆ ಗೊತ್ತು. ಆ ಲೆಕ್ಕವನ್ನು ಕಾಗದದ ಮೇಲೆ ಇಳಿಸುವುದನ್ನು ಕಲಿಸಿದರೆ ನಾನು ಕಂಡ ಅತ್ಯಂತ ಮುಖ್ಯವಾದ ಕೌಶಲವನ್ನು ಕಲಿಸಿದಂತಾಗುತ್ತದೆ.

ಕರಾವಳಿಯ ಒಂದು ಹಳೆಯ ಉದಾಹರಣೆ ಹೇಳುತ್ತೇನೆ. ಕೈಮಗ್ಗದ ನೇಕಾರರು ಸಂಕಷ್ಟದಲ್ಲಿದ್ದ ಕಾಲಕ್ಕೆ, 1925ರಲ್ಲಿ, ಉಪೇಂದ್ರ ಅನಂತ ಪೈ, ಟಿ.ಎಂ.ಎ. ಪೈ ಮತ್ತು ವಾಮನ ಕುಡ್ವ ಅವರು ಎಂಟು ಸಾವಿರ ರೂಪಾಯಿ ಬಂಡವಾಳದಲ್ಲಿ ಉಡುಪಿಯಲ್ಲಿ ಬ್ಯಾಂಕೊಂದನ್ನು ಕಟ್ಟಿದರು. ಮುಂದೆ ಅದೇ ಸಿಂಡಿಕೇಟ್ ಬ್ಯಾಂಕ್ ಆಯಿತು, 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಆ ಬ್ಯಾಂಕು 1928ರಲ್ಲಿ ಪಿಗ್ಮಿ ಠೇವಣಿಯನ್ನು ಆರಂಭಿಸಿತು. ಏಜೆಂಟರು ಮನೆ, ಅಂಗಡಿಗಳ ಬಾಗಿಲಿಗೆ ದಿನವೂ ಹೋಗಿ ಎರಡಾಣೆಯಷ್ಟು ಸಣ್ಣ ಮೊತ್ತವನ್ನೂ ಸಂಗ್ರಹಿಸುತ್ತಿದ್ದರು. ಇದರಲ್ಲಿ ಯಂತ್ರವಿಲ್ಲ, ತಂತ್ರಜ್ಞಾನವಿಲ್ಲ. ದಿನಗೂಲಿಯವನ ಕೈಯಲ್ಲಿ ಸಂಜೆ ಇರುವ ಹಣ ತಿಂಗಳ ಕೊನೆಯವರೆಗೆ ಉಳಿಯುವುದಿಲ್ಲ ಎಂಬ ತಿಳಿವಳಿಕೆಯಿದೆ, ಆ ತಿಳಿವಳಿಕೆಗೆ ತಕ್ಕ ಹಾಗೆ ಬ್ಯಾಂಕಿನ ಕೆಲಸದ ವೇಳೆಯನ್ನೂ ಜಾಗವನ್ನೂ ಬದಲಿಸಿಕೊಂಡ ಜಾಣತನವಿದೆ.

ಇದೇ ಪಾಠ ಬಹಳ ವರ್ಷಗಳ ನಂತರ ಸೌರದೀಪದ ವಿಷಯದಲ್ಲಿ ಮತ್ತೆ ಬಂತು. ಹರೀಶ್ ಹಂದೆಯವರು 1995ರಲ್ಲಿ ಸೌರದೀಪ ಒದಗಿಸುವ ಸೆಲ್ಕೋ ಕಂಪನಿಯನ್ನು ಆರಂಭಿಸಿದಾಗ, ಸೌರಶಕ್ತಿ ಬಡವರ ಕೈಗೆಟಕುವುದಿಲ್ಲ ಎಂಬುದು ಎಲ್ಲರ ಮಾತಾಗಿತ್ತು. ತಿಂಗಳಿಗೆ ಮುನ್ನೂರು ರೂಪಾಯಿ ಕಟ್ಟುವುದು ದುಬಾರಿ, ದಿನಕ್ಕೆ ಹತ್ತು ರೂಪಾಯಿಯಾದರೆ ಕಟ್ಟಬಹುದು ಎಂದು ಬೀದಿ ವ್ಯಾಪಾರಿಯೊಬ್ಬರು ತಮಗೆ ತಿಳಿಸಿಕೊಟ್ಟದ್ದನ್ನು ಅವರು ಅನೇಕ ವೇದಿಕೆಗಳಲ್ಲಿ ನೆನೆದಿದ್ದಾರೆ. ಎರಡೂ ಒಂದೇ ಮೊತ್ತವೆಂದು ಲೆಕ್ಕದ ಪುಸ್ತಕ ಹೇಳುತ್ತದೆ; ಗಾಡಿಯಲ್ಲಿ ತರಕಾರಿ ಮಾರುವವರಿಗೆ ಎರಡೂ ಬೇರೆ ಬೇರೆ. 2011ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂದಾಗ ಪತ್ರಿಕೆಗಳು ಸೌರಫಲಕದ ಚಿತ್ರ ಹಾಕಿದವು. ಬ್ಯಾಂಕಿನವನಾದ ನನಗೆ ಮಾತ್ರ ಕಂತಿನ ಪಟ್ಟಿಯೇ ಹೆಚ್ಚು ಬೆರಗು ಹುಟ್ಟಿಸಿತು.

ಇನ್ನೊಂದು ಕೌಶಲವಿದೆ, ಅದನ್ನು ಕಲಿಸುವುದು ಕಷ್ಟ, ಉದಾಹರಣೆ ಕೊಡುವುದು ಸುಲಭ. 1980ರ ದಶಕದ ನಡುಭಾಗದಲ್ಲಿ ಮೈರಾಡ ಎಂಬ ಸ್ವಯಂಸೇವಾ ಸಂಸ್ಥೆ ಕೋಲಾರ ಜಿಲ್ಲೆಯ ಕಾಮಸಮುದ್ರದ ಸುತ್ತ ಸಹಕಾರ ಸಂಘಗಳ ಮೂಲಕ ಕೆಲಸ ಮಾಡುತ್ತಿತ್ತು. ದೊಡ್ಡ ಸಂಘಗಳು ಒಳಜಗಳದಿಂದ ಒಡೆದವು. ಒಡೆದ ಸಂಘಗಳ ಸದಸ್ಯರು ಸಣ್ಣ ಸಣ್ಣ ಗುಂಪುಗಳಾಗಿ ಬಂದು, ಸಾಲ ತೀರಿಸಲು ತಾವು ಸಿದ್ಧ, ಆದರೆ ಆ ದೊಡ್ಡ ಸಂಘಕ್ಕೆ ಕಟ್ಟುವುದಿಲ್ಲ ಎಂದರು. ಬೇರೆ ಅಧಿಕಾರಿಗಳಾಗಿದ್ದರೆ ಯೋಜನೆ ವಿಫಲವಾಯಿತೆಂದು ವರದಿ ಬರೆದು ಕಡತ ಮುಚ್ಚುತ್ತಿದ್ದರು. ಮೈರಾಡದವರು, ಈ ಜನ ಪರಸ್ಪರ ನಂಬಿಕೆಯಿರುವ ಸಣ್ಣ ಗುಂಪನ್ನು ತಾವೇ ಆರಿಸಿಕೊಂಡಿದ್ದಾರೆ ಎಂಬುದನ್ನು ಗಮನಿಸಿದರು. ಆ ಗುಂಪಿಗೇ ಹಣ ಕಟ್ಟಿ, ನೀವೇ ಸಾಲ ಕೊಟ್ಟುಕೊಳ್ಳಿ ಎಂದರು. 1987ರಲ್ಲಿ ಗ್ರಾಮೀಣ ಅಭಿವೃದ್ಧಿಯ ರಾಷ್ಟ್ರೀಯ ಬ್ಯಾಂಕಾದ ನಬಾರ್ಡ್ ಹತ್ತು ಲಕ್ಷ ರೂಪಾಯಿ ನೆರವು ನೀಡಿತು, 1992ರಲ್ಲಿ ದೇಶದಾದ್ಯಂತ 500 ಗುಂಪುಗಳನ್ನು ಬ್ಯಾಂಕುಗಳಿಗೆ ಜೋಡಿಸುವ ಪ್ರಾಯೋಗಿಕ ಯೋಜನೆ ಬಂತು. ಇಂದು ಊರೂರಿನಲ್ಲಿರುವ ಸ್ವಸಹಾಯ ಸಂಘಗಳ ಬೇರುಗಳಲ್ಲಿ ಇದೂ ಒಂದು. ನೋಂದಣಿಯೇ ಇಲ್ಲದ ಗುಂಪಿನ ಹೆಸರಿನಲ್ಲಿ ಖಾತೆ ತೆರೆದು ಸಾಲ ಕೊಡಲು ರಿಸರ್ವ್ ಬ್ಯಾಂಕ್ ಒಪ್ಪಿರದಿದ್ದರೆ ಇದು ಒಂದು ಹೋಬಳಿಯ ಕಥೆಯಾಗಿಯೇ ಉಳಿಯುತ್ತಿತ್ತು ಎಂಬುದನ್ನೂ ಮಕ್ಕಳಿಗೆ ಹೇಳಿ. ಗುಂಪನ್ನು ಕಟ್ಟಿದವರ ಕೌಶಲ ಎಷ್ಟು ದೊಡ್ಡದೋ, ನಿಯಮದ ಯಾವ ಸಾಲು ಅಡ್ಡ ಬರುತ್ತಿದೆ ಎಂದು ಗುರುತಿಸಿ ಅದನ್ನು ಬದಲಿಸುವಂತೆ ಮೇಲಿನವರನ್ನು ಒಪ್ಪಿಸಿದವರ ಕೌಶಲವೂ ಅಷ್ಟೇ ದೊಡ್ಡದು.

ನಿಮ್ಮ ನೀರಿನ ಘಟಕಕ್ಕೆ ಬರೋಣ. ದಿನಕ್ಕೆ ನೂರು ಕ್ಯಾನ್ ನೀರು ಹೋಗುತ್ತಿತ್ತೆಂದು ಇಟ್ಟುಕೊಂಡರೆ ಐನೂರು ರೂಪಾಯಿ ಆಗುತ್ತದೆ, ವರ್ಷಕ್ಕೆ ಒಂದು ಲಕ್ಷ ಎಂಬತ್ತು ಸಾವಿರ ದಾಟುತ್ತದೆ. ಆ ಹಣ ಯಾರ ಖಾತೆಗೆ ಹೋಯಿತು, ವಿದ್ಯುತ್ ಬಿಲ್ ಎಷ್ಟು ಬರುತ್ತಿತ್ತು, ನೀರು ಸೋಸುವ ಮೆಂಬ್ರೇನ್ ಗಡಸು ನೀರಿಗೆ ಎಷ್ಟು ತಿಂಗಳಿಗೊಮ್ಮೆ ಕಟ್ಟಿಕೊಳ್ಳುತ್ತಿತ್ತು, ಹೊಸದಕ್ಕೆ ಏನು ಬೆಲೆ? ಈ ನಾಲ್ಕು ಉತ್ತರ ಕೈಗೆ ಬಂದ ಮೇಲೆ ಮಕ್ಕಳು ಚೀಟಿ ಅಂಟಿಸಲಿ.

ಉತ್ತರ: ಒಣಕಸ ಸಂಗ್ರಹ ಕೇಂದ್ರಗಳ ಸಂಯೋಜಕಿ, ಬೆಂಗಳೂರು

ಸರ್ ಬರೆದದ್ದನ್ನು ಒಪ್ಪುತ್ತೇನೆ. ನಾನು ಸೇರಿಸಬೇಕೆಂದಿರುವುದು, ಸಮಸ್ಯೆಯ ಒಳಗೇ ಬದುಕುತ್ತಿರುವವರ ಬಳಿ ಈಗಾಗಲೇ ಇರುವ ವಿದ್ಯೆಯನ್ನು ಗುರುತಿಸುವ ಕೌಶಲದ ಕುರಿತು.

ನಮ್ಮ ಕೇಂದ್ರದಲ್ಲಿ ಪ್ಲಾಸ್ಟಿಕ್ ಬೇರ್ಪಡಿಸುವ ಅಕ್ಕಂದಿರು ಹಾಳೆಯನ್ನು ಕಿವಿಯ ಹತ್ತಿರ ಹಿಡಿದು ಒಮ್ಮೆ ಮುದುಡುತ್ತಾರೆ. ಚರಚರ ಎಂದರೆ ಪಿಪಿ ಎಂಬ ಜಾತಿಯ ಪ್ಲಾಸ್ಟಿಕ್, ಸದ್ದು ಮಾಡದೆ ಮೆತ್ತಗೆ ಹಿಗ್ಗಿದರೆ ಎಲ್‌ಡಿ ಎಂಬ ಜಾತಿಯದು. ಹಾಲಿನ ಕವರು ಒಂದು ಚೀಲಕ್ಕೆ, ಪೆಟ್ ಬಾಟಲಿ ಇನ್ನೊಂದಕ್ಕೆ, ಒಳಗೆ ಬೆಳ್ಳಿಬಣ್ಣವಿರುವ ಚಿಪ್ಸ್ ಪೊಟ್ಟಣ ಬೇರೆಯೇ ಮೂಲೆಗೆ. ಗುಜರಿ ಅಂಗಡಿಯಲ್ಲಿ ರಟ್ಟಿನ ದರ ಈ ವಾರ ಏಕೆ ಇಳಿಯಿತು ಎಂದು ಕೇಳಿದರೆ ಅವರು ಕಾರಣ ಸಮೇತ ಹೇಳುತ್ತಾರೆ. ನಗರದ ಕಸದ ಕುರಿತು ವರದಿ ಬರೆಯುವ ಅನೇಕರಿಗೆ ಇದರ ಕಾಲುಭಾಗವೂ ತಿಳಿದಿಲ್ಲ, ಆದರೂ ಸಭೆಗಳಲ್ಲಿ ‘ತಜ್ಞರು’ ಎಂದು ಕುರ್ಚಿ ಸಿಗುವುದು ವರದಿ ಬರೆಯುವವರಿಗೇ.

ಬೆಂಗಳೂರಿನಲ್ಲಿ ಆದದ್ದನ್ನು ಸ್ವಲ್ಪ ವಿವರಿಸುತ್ತೇನೆ. ಚಿಂದಿ ಆಯುವವರನ್ನು ಕಳ್ಳರಂತೆ ನೋಡುತ್ತಿದ್ದ ಊರಿನಲ್ಲಿ, ಲೋಕ ಅದಾಲತ್‌ನ ನಿರ್ದೇಶನದ ನಂತರ 2011ರಿಂದ ಬಿಬಿಎಂಪಿ ಅವರಿಗೆ ಗುರುತಿನ ಚೀಟಿ ನೀಡತೊಡಗಿತು. ಆ ಹಂತಕ್ಕೆ ತಲುಪಿಸಿದವರು ಹೊಸ ಯಂತ್ರವನ್ನೇನೂ ಕಂಡುಹಿಡಿದಿರಲಿಲ್ಲ. ಅವರು ಹಸಿರು ದಳದಂತಹ ಸಂಘಟನೆಯಾಗಿ ಒಟ್ಟುಗೂಡಿದರು, ಯಾರು ಎಲ್ಲಿ ಎಷ್ಟು ಕಸ ಆಯುತ್ತಾರೆ ಎಂದು ಬೀದಿಬೀದಿ ಸುತ್ತಿ ಪಟ್ಟಿ ಮಾಡಿದರು, ಹಾಗೆ ಆಯ್ದ ಕಸವನ್ನು ಪಾಲಿಕೆಯೇ ಸಾಗಿಸಬೇಕಾಗಿದ್ದರೆ ಎಷ್ಟು ಖರ್ಚಾಗುತ್ತಿತ್ತು ಎಂದು ಲೆಕ್ಕ ತೋರಿಸಿದರು. ದಾನ ಕೇಳುವವರಾಗಿ ಅವರು ಹೋಗಲಿಲ್ಲ, ಊರಿಗೆ ಸೇವೆ ಸಲ್ಲಿಸುತ್ತಿರುವವರಾಗಿ ಹೋದರು. ಈ ದಾರಿಯನ್ನು ಪುಣೆಯ ಕಾಗದ್ ಕಾಚ್ ಪತ್ರಾ ಕಷ್ಟಕರಿ ಪಂಚಾಯತ್ ಎಂಬ ಕಸ ಆಯುವವರ ಸಂಘಟನೆ 1993ರಷ್ಟು ಹಿಂದೆಯೇ ತೆರೆದಿತ್ತು. ಅಲ್ಲಿ 2008ರಲ್ಲಿ ಕಸ ಆಯುವವರದೇ ಒಡೆತನದ ‘ಸ್ವಚ್ಛ್’ ಸಹಕಾರಿ ಹುಟ್ಟಿತು. ಬೆಂಗಳೂರಿನ ಸಂಘಟನೆಯನ್ನು ಕಟ್ಟಿದ ನಳಿನಿ ಶೇಖರ್ ಅವರು ಪುಣೆಯ ಆ ಕೆಲಸದಲ್ಲಿಯೂ ಇದ್ದವರು. ಇನ್ನೊಂದು ಊರಿನಲ್ಲಿ ಫಲಿಸಿದ್ದನ್ನು ತಂದು ಇಲ್ಲಿನ ಮಣ್ಣಿಗೆ ಹೊಂದಿಸುವುದನ್ನು ನಾವೇಕೆ ನಾವೀನ್ಯತೆ ಎಂದು ಎಣಿಸುವುದಿಲ್ಲವೋ ನನಗೆ ಅರ್ಥವಾಗಿಲ್ಲ. ಸ್ಪರ್ಧೆಗಳಲ್ಲಿ ಮಾತ್ರ ಎಲ್ಲವೂ ‘ಮೊದಲ ಬಾರಿಗೆ’ ಆಗಿರಬೇಕು!

ಸಮಯ ಒದಗಿದಾಗ ಸಿದ್ಧವಾಗಿರುವುದೂ ಒಂದು ಕೌಶಲ. 2012ರಲ್ಲಿ ನಗರದ ಕಸ ಸುರಿಯುತ್ತಿದ್ದ ಮಾವಳ್ಳಿಪುರದ ಭೂಭರ್ತಿ ಮುಚ್ಚಿತು, ಕಸ ಸುರಿಯುತ್ತಿದ್ದ ಇನ್ನೊಂದು ಊರಾದ ಮಂಡೂರಿನ ಜನ ಬೀದಿಗಿಳಿದರು, ಕಸ ಹಾಕಲು ಜಾಗವಿಲ್ಲದೆ ನಗರ ಕಂಗಾಲಾಯಿತು. ಮೂಲದಲ್ಲೇ ಕಸ ವಿಂಗಡಿಸಬೇಕು, ವಾರ್ಡಿಗೊಂದು ಒಣಕಸ ಕೇಂದ್ರ ಬೇಕು ಎಂದು ಹೈಕೋರ್ಟ್ ಹೇಳಿದಾಗ, ಆ ಕೇಂದ್ರಗಳನ್ನು ನಡೆಸಬಲ್ಲವರ ಪಟ್ಟಿಯೂ ಅನುಭವವೂ ಸಂಘಟನೆಯ ಕೈಯಲ್ಲಿದ್ದವು. ಕಸ ಆಯುತ್ತಿದ್ದ ಅನೇಕರು ಪಾಲಿಕೆಯೊಂದಿಗೆ ಒಪ್ಪಂದ ಮಾಡಿಕೊಂಡು ಕೇಂದ್ರ ನಡೆಸುವವರಾದರು. 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳಲ್ಲಿ ಚಿಂದಿ ಆಯುವವರ ಹೆಸರೇ ಬಂತು.

ಎಲ್ಲವೂ ಸರಿಹೋಗಿದೆ ಎಂದುಕೊಳ್ಳಬೇಡಿ. ಬಿಲ್ ಪಾವತಿ ತಡವಾಗುತ್ತದೆ, ಒಪ್ಪಂದ ನವೀಕರಣಕ್ಕೆ ಅಲೆಯಬೇಕಾಗುತ್ತದೆ, ಮಾರಾಟವಾಗದ ಕಸ ಕೇಂದ್ರದಲ್ಲೇ ಗುಡ್ಡೆಯಾಗುತ್ತದೆ. ಕೇಂದ್ರ ನಡೆಸುವ ಅಕ್ಕನಿಗೆ ಪ್ಲಾಸ್ಟಿಕ್ಕಿನ ವಿದ್ಯೆ ಮೊದಲೇ ಇತ್ತು. ಕಲಿಯಬೇಕಾಗಿ ಬಂದದ್ದು ದಾಖಲೆ ಪುಸ್ತಕ, ಜಿಎಸ್‌ಟಿ, ಕೂಲಿ ಪಟ್ಟಿ ಮತ್ತು ವಾರ್ಡ್ ಎಂಜಿನಿಯರ್ ಎದುರು ಧೈರ್ಯವಾಗಿ ಕುಳಿತು ಮಾತಾಡುವುದು. ನಿಮ್ಮ ಮಕ್ಕಳು ನೆರವಾಗಬಹುದಾದ ಜಾಗ ಅದು. ಆ ಹಳ್ಳಿಯಲ್ಲಿ ನೀರಿನ ಘಟಕ ಕೆಟ್ಟ ದಿನದಿಂದ ಕುಡಿಯುವ ನೀರನ್ನು ಯಾರು ಎಲ್ಲಿಂದ ತರುತ್ತಿದ್ದಾರೆ ಎಂದು ಮಕ್ಕಳು ಕೇಳಿದ್ದಾರೆಯೇ? ತರುವವರು ಹೆಂಗಸರೇ ಆಗಿದ್ದರೆ, ಚರ್ಚೆಯನ್ನು ಅವರಿಗೆ ಬಿಡುವಿರುವ ಹೊತ್ತಿಗೆ, ಅವರು ಕೂರುವ ಕಟ್ಟೆಯಲ್ಲೇ ನಡೆಸಿ.

ಉತ್ತರ: ಪಂಚಾಯಿತಿ ಅಭಿವೃದ್ಧಿ ಅಧಿಕಾರಿ, ಶಿವಮೊಗ್ಗ ಜಿಲ್ಲೆ

ಉಪನ್ಯಾಸಕರ ಪ್ರಶ್ನೆ ಓದಿ ಉತ್ತರಿಸದೆ ಇರಲಾಗಲಿಲ್ಲ, ಏಕೆಂದರೆ ಇಂತಹ ಮಕ್ಕಳ ಗುಂಪುಗಳು ನಮ್ಮ ಕಚೇರಿಗೆ ವರ್ಷಕ್ಕೊಮ್ಮೆಯಾದರೂ ಬರುತ್ತವೆ. ಬರುತ್ತಾರೆ, ಪ್ರಶ್ನಾವಳಿ ತುಂಬಿಸಿಕೊಳ್ಳುತ್ತಾರೆ, ಫೋಟೊ ತೆಗೆದುಕೊಳ್ಳುತ್ತಾರೆ, ಹೋಗುತ್ತಾರೆ. ವರದಿಯ ಒಂದು ಪ್ರತಿಯನ್ನು ಪಂಚಾಯಿತಿಗೆ ಕೊಟ್ಟವರು ಬಹಳ ಅಪರೂಪ.

ನನ್ನ ದೃಷ್ಟಿಯಲ್ಲಿ ಪಠ್ಯಕ್ರಮದಲ್ಲಿ ಇರಲೇಬೇಕಾದದ್ದು ಕಡತ ಓದುವ ಕೌಶಲ. ಇದು ಕೇಳಲು ನೀರಸ. ಆದರೆ ಹಳ್ಳಿಯಲ್ಲಿ ಒಂದು ಒಳ್ಳೆಯ ಕೆಲಸ ನಿಂತುಹೋಗಿದ್ದರೆ ಬಹಳಷ್ಟು ಸಲ ಅದು ಯಾವುದೋ ಒಂದು ಹಾಳೆಯಲ್ಲಿ ನಿಂತಿರುತ್ತದೆ. ನೀರಿನ ಘಟಕದ ಉದಾಹರಣೆಯನ್ನೇ ತೆಗೆದುಕೊಳ್ಳಿ. ಘಟಕವನ್ನು ಸ್ಥಾಪಿಸಿದ್ದು ಇಲಾಖೆಯೇ, ಶಾಸಕರ ಅನುದಾನವೇ, ಸಹಕಾರ ಸಂಘವೇ, ಯಾವುದಾದರೂ ಕಂಪನಿಯ ದೇಣಿಗೆಯೇ? ನಿರ್ವಹಣೆಯ ಗುತ್ತಿಗೆ ಎಷ್ಟು ವರ್ಷದ್ದಿತ್ತು, ಮುಗಿದಿದೆಯೇ? ಮುಗಿದಿದ್ದರೆ ಪಂಚಾಯಿತಿಗೆ ಹಸ್ತಾಂತರವಾದ ಪತ್ರ ಇದೆಯೇ? ಹಸ್ತಾಂತರವೇ ಆಗದ ಘಟಕಕ್ಕೆ ಪಂಚಾಯಿತಿ ಹಣ ಖರ್ಚು ಮಾಡಿದರೆ ಲೆಕ್ಕ ಪರಿಶೋಧನೆಯಲ್ಲಿ ಆಕ್ಷೇಪಣೆ ಬರುತ್ತದೆ, ಆಗ ಉತ್ತರ ಕೊಡಬೇಕಾದವನು ನನ್ನಂತಹ ಪಿಡಿಒ, ಅಂದರೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ. ಇದು ಗೊತ್ತಿಲ್ಲದೆ ಹೊರಗಿನವರು ‘ಪಂಚಾಯಿತಿಯವರಿಗೆ ಇಚ್ಛಾಶಕ್ತಿ ಇಲ್ಲ’ ಎನ್ನುತ್ತಾರೆ. ಇಚ್ಛಾಶಕ್ತಿ ಇಲ್ಲದವರೂ ನಮ್ಮಲ್ಲಿದ್ದಾರೆ, ಅಲ್ಲಗಳೆಯುವುದಿಲ್ಲ. ಯಾವುದು ಇಚ್ಛೆಯ ಕೊರತೆ, ಯಾವುದು ಕಾಗದದ ಕೊರತೆ ಎಂದು ಬೇರ್ಪಡಿಸಿ ನೋಡಲು ಬರಬೇಕು.

ಹಣದ ಮೂಲವೂ ಹಾಗೆಯೇ. 2021ರಿಂದ 2026ರ ಅವಧಿಗೆ 15ನೇ ಹಣಕಾಸು ಆಯೋಗದ ಅನುದಾನದಲ್ಲಿ ಶೇ 60ರಷ್ಟನ್ನು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೆಂದೇ ಕಟ್ಟಿಡಲಾಗಿತ್ತು. ಹಣವಿದೆ ಎಂದ ಮಾತ್ರಕ್ಕೆ ಖರ್ಚಾಗುವುದಿಲ್ಲ. ವಾರ್ಡ್ ಸಭೆಯಲ್ಲಿ ಬೇಡಿಕೆ ಬರಬೇಕು, ಗ್ರಾಮ ಸಭೆಯಲ್ಲಿ ಆದ್ಯತೆ ಸಿಗಬೇಕು, ಕ್ರಿಯಾ ಯೋಜನೆಯಲ್ಲಿ ಸೇರಬೇಕು, ಸಾಮಾನ್ಯ ಸಭೆಯಲ್ಲಿ ಠರಾವು ಆಗಬೇಕು, ಅಂದಾಜು ಪಟ್ಟಿಗೆ ಎಂಜಿನಿಯರ್ ಸಹಿ ಬೀಳಬೇಕು. ವಾರ್ಡ್ ಸಭೆಗೆ ಬಂದು ‘ನಮ್ಮೂರ ನೀರಿನ ಘಟಕ ಸರಿಮಾಡಿಸಿ’ ಎಂದು ಬಾಯಿಮಾತಿನಲ್ಲಿ ಹೇಳಿ ಹೋಗುವವರು ಹಲವರು. ಅದು ನಡಾವಳಿ ಪುಸ್ತಕದಲ್ಲಿ ದಾಖಲಾಯಿತೇ ಎಂದು ನೋಡಿ ಹೋಗುವವರು ಒಬ್ಬಿಬ್ಬರು. ಕೆಲಸವಾಗುವುದು ಎರಡನೆಯವರದು.

ಪಂಚಾಯಿತಿಗಳ ಕಸದ ಕೆಲಸವನ್ನೂ ಹೇಳಬೇಕು, ಏಕೆಂದರೆ ಅಲ್ಲಿ ಒಂದು ಒಳ್ಳೆಯ ಬದಲಾವಣೆಯನ್ನು ಹತ್ತಿರದಿಂದ ಕಂಡಿದ್ದೇನೆ. ಕಸ ಸಂಗ್ರಹಿಸುವ ವಾಹನ ಮತ್ತು ಘಟಕವನ್ನು ಸ್ವಸಹಾಯ ಸಂಘಗಳು ಸೇರಿ ಕಟ್ಟಿಕೊಂಡ ಸಂಜೀವಿನಿ ಮಹಿಳಾ ಒಕ್ಕೂಟಗಳಿಗೆ ಒಪ್ಪಂದದ ಮೂಲಕ ವಹಿಸಲಾಗಿದೆ. ಅನೇಕ ಪಂಚಾಯಿತಿಗಳಲ್ಲಿ ವಾಹನ ಓಡಿಸುವವರೂ ಹೆಂಗಸರೇ. ಉಡುಪಿ ಜಿಲ್ಲೆಯ ವಂಡ್ಸೆ ಪಂಚಾಯಿತಿ ಮೊದಲೇ ದಾರಿ ತೋರಿತ್ತು, ನಿಟ್ಟೆಯಲ್ಲಿ ಹಲವು ಪಂಚಾಯಿತಿಗಳ ಒಣಕಸ ಬಂದು ಸೇರುವ ದಿನಕ್ಕೆ ಹತ್ತು ಟನ್ ಸಾಮರ್ಥ್ಯದ ಘಟಕ ಎದ್ದಿತು. ನಮ್ಮಲ್ಲಿ ಚಾಲನಾ ತರಬೇತಿ, ಲೈಸೆನ್ಸ್ ಎಲ್ಲ ಸುಲಭವಾಗಿಯೇ ಆಯಿತು. ಕಷ್ಟವಾದದ್ದು ಬಳಕೆದಾರರ ಶುಲ್ಕ. ತಿಂಗಳಿಗೆ ಕೆಲವೇ ರೂಪಾಯಿ ಕೇಳಿದರೂ ‘ನಮ್ಮ ಕಸ ನಾವು ತಿಪ್ಪೆಗೆ ಹಾಕಿಕೊಳ್ಳುತ್ತೇವೆ’ ಎನ್ನುವ ಮನೆಗಳಿದ್ದವು. ಒಕ್ಕೂಟದ ಹೆಣ್ಣುಮಕ್ಕಳು ವಾದ ಮಾಡಲಿಲ್ಲ. ತಿಪ್ಪೆಗೆ ಹೋಗುವ ಕಸ ನಮಗೆ ಬೇಡವೇ ಬೇಡ, ತಿಪ್ಪೆಯಲ್ಲಿ ಕೊಳೆಯದ ಕವರು, ಬಾಟಲಿ, ಡಯಾಪರ್ ಮಾತ್ರ ಕೊಡಿ ಎಂದರು. ಶುಲ್ಕ ಒಂದೇ ಸಲಕ್ಕೆ ಬಂದುಬಿಡಲಿಲ್ಲ, ಆದರೆ ಬಾಗಿಲು ತೆರೆಯಿತು. ಎದುರಿನವರ ನಿರಾಕರಣೆಯಲ್ಲಿ ಇರುವ ನ್ಯಾಯವನ್ನು ಒಪ್ಪಿಕೊಂಡು ಮಾತು ಮುಂದುವರಿಸುವುದನ್ನು ಯಾವ ಕಾರ್ಯಾಗಾರದಲ್ಲಿ ಕಲಿಸುತ್ತಾರೋ ನಾನು ಕಾಣೆ.

ಉತ್ತರ: ಸಂಶೋಧನಾ ವಿದ್ಯಾರ್ಥಿ, ಮೈಸೂರು

ಇಲ್ಲಿಯವರೆಗಿನ ಚರ್ಚೆ ಬಹಳ ಉಪಯುಕ್ತವಾಗಿದೆ. ಆದರೂ ಒಂದು ತಕರಾರನ್ನು ದಾಖಲಿಸಬೇಕೆನಿಸುತ್ತದೆ. ಕುಡಿಯುವ ನೀರು ಕೊಡುವುದು ಸರ್ಕಾರದ ಕರ್ತವ್ಯ. ಅದು ನಿಂತುಹೋದಾಗ ಪದವಿ ವಿದ್ಯಾರ್ಥಿಗಳು ಮೆಂಬ್ರೇನ್ ಬೆಲೆ ಹುಡುಕಬೇಕು, ಊರಿನ ಹೆಂಗಸರು ಸಮಿತಿ ಕಟ್ಟಿಕೊಳ್ಳಬೇಕು ಎನ್ನುವುದರಲ್ಲಿ ಒಂದು ಅಪಾಯವಿದೆ: ಹಕ್ಕಾಗಿ ಕೇಳಬೇಕಾದದ್ದು ಜಾಣತನದ ಸ್ಪರ್ಧೆಯಾಗಿಬಿಡುತ್ತದೆ. ಬಹುಮಾನ ಗೆಲ್ಲುವ ಊರಿಗೆ ನೀರು ಬರುತ್ತದೆ, ಉಳಿದ ಊರುಗಳಿಗೆ ‘ನಿಮ್ಮಲ್ಲಿ ಹುಮ್ಮಸ್ಸು ಸಾಲದು’ ಎಂಬ ಉಪದೇಶ ಸಿಗುತ್ತದೆ.

ನಮ್ಮ ಇತಿಹಾಸದಲ್ಲಿ ದೊಡ್ಡದಾಗಿ ಬೆಳೆದ ಪ್ರಯೋಗಗಳ ಹಿಂದೆ ಕಾನೂನು ಮತ್ತು ಸರ್ಕಾರಿ ಯಂತ್ರ ಇದ್ದೇ ಇತ್ತು. ಗದಗಿನ ಬಳಿಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದ್ದನ್ನು ನಾವು ಹೆಮ್ಮೆಯಿಂದ ನೆನೆಯುತ್ತೇವೆ; ಅದಕ್ಕೆ ಹಿಂದಿನ ವರ್ಷವಷ್ಟೇ, 1904ರಲ್ಲಿ, ಸಹಕಾರ ಪತ್ತಿನ ಸಂಘಗಳ ಕಾಯ್ದೆ ಬಂದಿತ್ತು. 2003ರ ಯಶಸ್ವಿನಿ ಯೋಜನೆಯನ್ನು ಡಾ. ದೇವಿ ಶೆಟ್ಟಿಯವರ ಕಲ್ಪನೆಯೆಂದು ಹೇಳುತ್ತಾರೆ, ಅದು ನಿಜ. ಆದರೆ ವರ್ಷಕ್ಕೆ ಅರವತ್ತು ರೂಪಾಯಿ ಕಂತಿನಲ್ಲಿ ರೈತರಿಗೆ ಶಸ್ತ್ರಚಿಕಿತ್ಸೆಯ ಭದ್ರತೆ ಕೊಡಲು, ಮೊದಲ ವರ್ಷವೇ ಸುಮಾರು ಹದಿನಾರು ಲಕ್ಷ ಜನರನ್ನು ಸೇರಿಸಲು ಸಾಧ್ಯವಾದದ್ದು ರಾಜ್ಯದ ಉದ್ದಗಲಕ್ಕೂ ಹರಡಿದ್ದ ಸಹಕಾರ ಸಂಘಗಳು ಮತ್ತು ಸಹಕಾರ ಇಲಾಖೆಯ ಸಿಬ್ಬಂದಿ ಕಂತು ವಸೂಲು ಮಾಡಿದ್ದರಿಂದ. 2018ರಲ್ಲಿ ಸರ್ಕಾರ ಅದನ್ನು ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವಿಲೀನಗೊಳಿಸಿತು, ಮುಂದೆ ಬೇಡಿಕೆಯ ಒತ್ತಡದಿಂದ 2022-23ರಲ್ಲಿ ಮತ್ತೆ ಜಾರಿಗೆ ತಂದಿತು. ಹೀಗೆ ಶುರು ಮಾಡಿಸುವುದಕ್ಕೂ ಉಳಿಸಿಕೊಳ್ಳುವುದಕ್ಕೂ ಬೇಕಾದದ್ದು ರಾಜಕೀಯ ಕೌಶಲ. ಬಜೆಟ್ ಓದುವುದು, ಸಂಘಟಿತರಾಗಿ ಬೇಡಿಕೆ ಇಡುವುದು, ಹತ್ತು ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನ ಅರ್ಜಿ ಹಾಕುವುದು, ಜನಪ್ರತಿನಿಧಿಯನ್ನು ಪ್ರಶ್ನಿಸುವುದು. ಪಠ್ಯಕ್ರಮಗಳು ಇದನ್ನು ‘ವಿವಾದಾತ್ಮಕ’ ಎಂದು ಬದಿಗಿಡುತ್ತವೆ.

ಉತ್ತರ: ಒಣಕಸ ಸಂಗ್ರಹ ಕೇಂದ್ರಗಳ ಸಂಯೋಜಕಿ, ಬೆಂಗಳೂರು

ಮೈಸೂರಿನವರ ತಕರಾರು ಸರಿಯಾದದ್ದೇ, ಆದರೆ ಎರಡನ್ನೂ ಎದುರುಬದುರು ನಿಲ್ಲಿಸುವ ಅಗತ್ಯ ನನಗೆ ಕಾಣುವುದಿಲ್ಲ. ಗುರುತಿನ ಚೀಟಿ ಕೇಳಿದ್ದು ಹಕ್ಕಿನ ಹೋರಾಟ; ಆ ಹೋರಾಟ ಗೆದ್ದದ್ದು ಪಟ್ಟಿ ಮತ್ತು ಲೆಕ್ಕ ಕೈಯಲ್ಲಿದ್ದುದರಿಂದ. ಚೀಟಿ ಬಂದ ಮೇಲೆ ಕೇಂದ್ರವನ್ನು ದಿನವೂ ನಡೆಸಿ ತೋರಿಸಬೇಕಾಯಿತು, ಇಲ್ಲದಿದ್ದರೆ ‘ಇವರಿಂದ ಆಗದು, ದೊಡ್ಡ ಗುತ್ತಿಗೆದಾರನಿಗೆ ಕೊಡೋಣ’ ಎನ್ನಲು ಕಾದು ಕುಳಿತವರಿದ್ದರು. ಮೆಂಬ್ರೇನ್ ಬೆಲೆ ಗೊತ್ತಿರುವ ವಿದ್ಯಾರ್ಥಿ ಮಾಹಿತಿ ಹಕ್ಕಿನಲ್ಲಿ ಸರಿಯಾದ ಪ್ರಶ್ನೆ ಕೇಳುತ್ತಾನೆ. ಗೊತ್ತಿಲ್ಲದವನಿಗೆ ‘ಕ್ರಮ ಕೈಗೊಳ್ಳಲಾಗುತ್ತಿದೆ’ ಎಂಬ ಒಂದು ಸಾಲಿನ ಉತ್ತರ ಬರುತ್ತದೆ, ಅವನು ಅದನ್ನು ನಂಬಿ ಸುಮ್ಮನಾಗುತ್ತಾನೆ.

ಪ್ರಶ್ನೆ ಕೇಳಿದವರ ಪ್ರತಿಕ್ರಿಯೆ: ಉಪನ್ಯಾಸಕಿ, ಹಾವೇರಿ ಜಿಲ್ಲೆ

ಎಲ್ಲರಿಗೂ ಧನ್ಯವಾದ. ನಿಮ್ಮ ಉತ್ತರಗಳನ್ನು ವಿಭಾಗದ ಸಹೋದ್ಯೋಗಿಗಳೊಂದಿಗೆ ಹಂಚಿಕೊಂಡೆ. ಸದ್ಯಕ್ಕೆ ತೀರ್ಮಾನಿಸಿರುವುದು ಹೀಗಿದೆ. ಇಡೀ ಸೆಮಿಸ್ಟರ್‌ಗೆ ಒಂದೇ ಊರು, ಒಂದೇ ಸಮಸ್ಯೆ. ಹೊಸದಾಗಿ ಹುಡುಕುವುದಿಲ್ಲ, ಆ ನೀರಿನ ಘಟಕವನ್ನೇ ಇಟ್ಟುಕೊಳ್ಳುತ್ತೇವೆ. ಒಂದು ಗುಂಪು ಬ್ಯಾಂಕಿನ ಸರ್ ಹೇಳಿದ ನಾಲ್ಕು ಲೆಕ್ಕಗಳನ್ನು ತೆಗೆಯುತ್ತದೆ, ಇನ್ನೊಂದು ಕಡತಗಳ ಬೆನ್ನು ಹತ್ತುತ್ತದೆ, ಮತ್ತೊಂದು ನೀರು ಹೊರುವವರ ಜೊತೆ ಮತ್ತು ನೀರುಗಂಟಿಯ ಜೊತೆ ದಿನ ಕಳೆಯುತ್ತದೆ. ಪ್ರಶ್ನಾವಳಿ ಒಯ್ಯಬಾರದೆಂದು ಹೇಳಿದ್ದೇನೆ. ಪರಿಹಾರದ ಮಾತನ್ನು ಸೆಮಿಸ್ಟರ್‌ನ ಕೊನೆಯ ಭಾಗದವರೆಗೆ ಯಾರೂ ಎತ್ತುವಂತಿಲ್ಲ. ನಮ್ಮ ಭಾಗದ ಕೊಳವೆಬಾವಿಗಳಲ್ಲಿ ಫ್ಲೋರೈಡ್ ತಕರಾರು ಇರುವುದರಿಂದ, ಘಟಕ ನಿಂತ ಮೇಲೆ ಜನ ಕುಡಿಯುತ್ತಿರುವ ನೀರನ್ನು ಪರೀಕ್ಷೆ ಮಾಡಿಸಲು ರಸಾಯನಶಾಸ್ತ್ರ ವಿಭಾಗ ಒಪ್ಪಿದೆ. ಫ್ಲೋರೈಡ್ ಲೀಟರಿಗೆ ಒಂದೂವರೆ ಮಿಲಿಗ್ರಾಂ ಮಿತಿಯನ್ನು ದಾಟಿದ್ದರೆ ಆ ಫಲಿತಾಂಶವೇ ಗ್ರಾಮ ಸಭೆಯಲ್ಲಿ ನಮ್ಮ ಮೊದಲ ದಾಖಲೆ. ಮೈಸೂರಿನವರ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡು, ಘಟಕಕ್ಕೆ ನಾವೇ ಚಂದಾ ಎತ್ತುವ ಯೋಚನೆಯನ್ನು ಕೈಬಿಟ್ಟಿದ್ದೇವೆ.

ಉಳಿದಿರುವ ತೊಡಕು ಅಂಕಗಳದು. ಘಟಕ ದುರಸ್ತಿಯಾದರೆ ಮಾತ್ರ ಅಂಕ ಎಂದರೆ ಅನ್ಯಾಯ, ವರದಿ ಬರೆದರೆ ಸಾಕು ಎಂದರೆ ಹಳೆಯ ಕಥೆ. ಆಂತರಿಕ ಮೌಲ್ಯಮಾಪನವನ್ನು ಹೇಗೆ ಮಾಡುವುದು?

ಉತ್ತರ: ಪಂಚಾಯಿತಿ ಅಭಿವೃದ್ಧಿ ಅಧಿಕಾರಿ, ಶಿವಮೊಗ್ಗ ಜಿಲ್ಲೆ

ಕೊನೆಯ ಮೌಖಿಕ ಪರೀಕ್ಷೆಯನ್ನು ಕಾಲೇಜಿನಲ್ಲಿ ನಡೆಸುವ ಬದಲು ಆ ಪಂಚಾಯಿತಿಯ ಸಭಾಂಗಣದಲ್ಲಿ ನಡೆಸಿ. ನೀರುಗಂಟಿ, ಆ ವಾರ್ಡಿನ ಸದಸ್ಯರು, ಒಕ್ಕೂಟದ ಒಬ್ಬಿಬ್ಬರು ಮುಂದೆ ಕುಳಿತಿರಲಿ. ಮಕ್ಕಳು ತಾವು ಕಂಡುಕೊಂಡದ್ದನ್ನು ಕನ್ನಡದಲ್ಲಿ, ಪರದೆಯ ಮೇಲೆ ಚಿತ್ರ ತೋರಿಸದೆ, ಬಾಯಿಮಾತಿನಲ್ಲಿ ಹೇಳಲಿ. ತಪ್ಪು ಹೇಳಿದರೆ ಅಲ್ಲಿಯೇ ಯಾರಾದರೂ ತಿದ್ದುತ್ತಾರೆ. ಅರ್ಧ ಅಂಕ ಅದಕ್ಕಿರಲಿ. ಉಳಿದರ್ಧವನ್ನು ಅವರು ಪಂಚಾಯಿತಿಗೆ ಬಿಟ್ಟುಹೋಗುವ ಕಾಗದಗಳಿಗೆ ಕೊಡಿ: ಸಹಿ ಮಾಡಿಸಿದ ಲೆಕ್ಕದ ಹಾಳೆ, ನೀರಿನ ಪರೀಕ್ಷೆಯ ಫಲಿತಾಂಶ, ಹಸ್ತಾಂತರ ಪತ್ರದ ಪ್ರತಿ, ವಾರ್ಡ್ ಸಭೆಯ ನಡಾವಳಿಯಲ್ಲಿ ಬೇಡಿಕೆ ದಾಖಲಾದ ಪುಟದ ಪ್ರತಿ. ಮುಂದಿನ ವರ್ಷದ ಮಕ್ಕಳು ಅಲ್ಲಿಂದ ಮುಂದುವರಿಸಬಹುದು. ನನ್ನಂಥವನಿಗೆ ವರ್ಗಾವಣೆಯಾದರೂ ಕಡತ ಅಲ್ಲಿಯೇ ಇರುತ್ತದೆ.

ದಿನಾಂಕದ ವಿಷಯ ಮರೆಯಬೇಡಿ. ಮುಂದಿನ ವರ್ಷದ ಗ್ರಾಮ ಪಂಚಾಯಿತಿ ಅಭಿವೃದ್ಧಿ ಯೋಜನೆಯ ತಯಾರಿ ಅಕ್ಟೋಬರ್ 2ರಿಂದ ಶುರುವಾಗುತ್ತದೆ, ವಾರ್ಡ್ ಸಭೆಗಳು ಗ್ರಾಮ ಸಭೆಗಿಂತ ಮೊದಲೇ ನಡೆಯುತ್ತವೆ. ನಿಮ್ಮ ಮೂರೂ ಗುಂಪುಗಳ ಕೆಲಸ ಸೆಪ್ಟೆಂಬರ್ ಕೊನೆಯ ಹೊತ್ತಿಗೆ ಒಂದು ಹದಕ್ಕೆ ಬಂದಿದ್ದರೆ ಒಳ್ಳೆಯದು. ನವೆಂಬರ್‌ನಲ್ಲಿ ಎಷ್ಟು ಚೆನ್ನಾದ ವರದಿ ತಂದರೂ ಅದಕ್ಕೆ ಆ ವರ್ಷದ ಯೋಜನೆಯಲ್ಲಿ ಜಾಗ ಸಿಗುವುದು ಕಷ್ಟ. ಸಭೆಯ ನೋಟಿಸನ್ನು ಪಂಚಾಯಿತಿ ಕಚೇರಿಯ ಫಲಕದಲ್ಲಿ ಹಾಕಿರುತ್ತಾರೆ, ಬಿಲ್ ಕಲೆಕ್ಟರ್‌ಗೆ ನಿಮ್ಮ ಫೋನ್ ನಂಬರ್ ಕೊಟ್ಟಿದ್ದರೆ ತಿಳಿಸುತ್ತಾರೆ.